ಕಿಟಕಿ ಕಟ್ಟೆಯ ಮೇಲಿನ ಚೊಂಬು

ದೊಡ್ಡವ್ವನ ಮಂಚದಿಂದ ಕಿಟಕಿಗೆ ಹೆಚ್ಚೆಂದರೆ ನಾಲ್ಕು ಅಡಿ. ಕಿಟಕಿ ಕಟ್ಟೆಯ ಮೇಲೆ ಸ್ಟೀಲ್ ಚೊಂಬು, ಅದರ ಬಾಯಿಗೆ ಕವುಚಿಟ್ಟ ಲೋಟ. ಹೋದಾಗೆಲ್ಲ ನೋಡುತ್ತಿದ್ದೆ. ನೀರು ತುಂಬಿಟ್ಟಿದ್ದಾರೆ, ದೂಳು ಬೀಳದ ಹಾಗೆ ಲೋಟ ಮುಚ್ಚಿದ್ದಾರೆ, ಎಷ್ಟು ಅಚ್ಚುಕಟ್ಟು ಅಂದುಕೊಳ್ಳುತ್ತಿದ್ದೆ. ಸೊಂಟದ ಮೂಳೆ ಮುರಿದು ಮಲಗಿದ 82 ವರ್ಷದ ಹೆಂಗಸಿಗೆ ಆ ನಾಲ್ಕು ಅಡಿ ಎಷ್ಟು ದೂರ ಅಂತ ಐದು ತಿಂಗಳು ನನಗೆ ಹೊಳೆಯಲೇ ಇಲ್ಲ.

ನಮ್ಮದು ದಾವಣಗೆರೆ. ನಾನಿರುವುದು ನಿಟ್ಟುವಳ್ಳಿಯಲ್ಲಿ. ದೊಡ್ಡವ್ವ ವಿದ್ಯಾನಗರದಲ್ಲಿ, ಮಗನ ಮನೆಯಲ್ಲಿ. ಹದಿನೈದು ದಿನಕ್ಕೊಮ್ಮೆ ಹೋಗಿಬರುತ್ತಿದ್ದೆ. ಬಾಳೆಹಣ್ಣು, ಬಿಸ್ಕತ್ತು ಹಿಡಿದುಕೊಂಡು ಹೋಗುವುದು. ಹಾಲ್‌ನಲ್ಲಿ ಕೂತು ಅತ್ತಿಗೆ ಕೊಟ್ಟ ಚಹಾ ಕುಡಿಯುವುದು. ಆಮೇಲೆ ರೂಮಿಗೆ ಹೋಗಿ ಮಂಚದ ಪಕ್ಕ ಹತ್ತು ನಿಮಿಷ ನಿಲ್ಲುವುದು. 'ಊಟ ಆತಾ ದೊಡ್ಡವ್ವ?' 'ಆತವ್ವ.' 'ಚೆನ್ನಾಗಿದ್ದೀಯಾ?' 'ಚೆನ್ನಾಗಿದ್ದೀನಿ, ಚೆನ್ನಾಗಿ ನೋಡ್ಕತಾರೆ.' ಅಷ್ಟು ಕೇಳಿ, ಅವಳ ಕೈ ಹಿಡಿದು, ಕತ್ತಿನವರೆಗೆ ಹೊದಿಸಿದ ಹೊದಿಕೆಯನ್ನು ಇನ್ನೊಂದಿಷ್ಟು ಸರಿಮಾಡಿ ಬರುತ್ತಿದ್ದೆ. ಕರ್ತವ್ಯ ಮುಗಿಯಿತು ಅಂತ ಸಮಾಧಾನವೂ ಆಗುತ್ತಿತ್ತು.

ಹುಬ್ಬಳ್ಳಿಯ ಅಕ್ಕ, ಬೆಂಗಳೂರಿನ ತಂಗಿ, ಅಂದರೆ ದೊಡ್ಡವ್ವನ ಹೆಣ್ಣುಮಕ್ಕಳು, ಪ್ರತಿ ಭಾನುವಾರ ವಿಡಿಯೋ ಕಾಲ್ ಮಾಡುತ್ತಿದ್ದರು. ಯಾರಾದರೂ ಫೋನನ್ನು ಅವಳ ಮುಖದ ಮುಂದೆ ಹಿಡಿಯುತ್ತಿದ್ದರು. ಹಣೆಗೆ ವಿಭೂತಿ, ಬಾಚಿದ ತಲೆ, ನಗು. ಫೋನಿನಲ್ಲಿ ಕಾಣುವುದು ಮುಖವೊಂದೇ ಅಲ್ವಾ. ನಮ್ಮೆಲ್ಲರ ದೊಡ್ಡವ್ವ ಆ ಐದು ತಿಂಗಳು ಬರೀ ಮುಖವಾಗಿದ್ದಳು.

ಏಪ್ರಿಲ್‌ನ ಒಂದು ಶನಿವಾರ ನಾನು ಅಲ್ಲಿದ್ದಾಗ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ನಮ್ಮೂರಿನ ಏಪ್ರಿಲ್ ಗೊತ್ತಲ್ಲ, ಎರಡು ನಿಮಿಷಕ್ಕೆ ರೂಮು ಬೆಂದುಹೋಯಿತು. ರೂಮಿನಲ್ಲಿ ಊದುಬತ್ತಿ ಉರಿಯುತ್ತಿತ್ತು, ನಾನು ಹೋದಾಗೆಲ್ಲ ಉರಿಯುತ್ತಿತ್ತು. ಆ ವಾಸನೆಯ ಅಡಿಯಲ್ಲಿ ಇನ್ನೊಂದು ವಾಸನೆ ಮೆಲ್ಲಗೆ ಮೇಲೆ ಬಂತು. ಸಿಹಿಯಾಗಿ ಕೊಳೆತ ವಾಸನೆ. ಸೆಖೆ ಆಗುತ್ತದೆ ಅಂತ ಹೊದಿಕೆ ತೆಗೆಯಲು ಹೋದೆ. ದೊಡ್ಡವ್ವ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. 'ಬ್ಯಾಡ ಬಿಡವ್ವ, ಚಳಿ ಆಗ್ತೈತಿ' ಅಂದಳು. ಏಪ್ರಿಲ್‌ನಲ್ಲಿ ಚಳಿ!

ನಿಧಾನಕ್ಕೆ ಬಿಡಿಸಿಕೊಂಡು ಎತ್ತಿದೆ. ಡೈಪರ್ ನೆನೆದು ಕಲ್ಲಿನಷ್ಟು ಭಾರವಾಗಿತ್ತು. ಕಾಲಿನ ಉಗುರು ಬೆಳೆದು ಬೆರಳಿನೊಳಕ್ಕೆ ಬಾಗಿದ್ದವು. ಎಡ ಹಿಮ್ಮಡಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಪಕ್ಕಕ್ಕೆ ಹೊರಳಿಸಿದಾಗ ಬೆನ್ನೆಲುಬಿನ ತುದಿಯಲ್ಲಿ ಹಳೇ ರೂಪಾಯಿ ನಾಣ್ಯದಷ್ಟು ಅಗಲದ ಹುಣ್ಣು ಕಾಣಿಸಿತು. ನಡುವೆ ಹಳದಿ, ಸುತ್ತ ಕಪ್ಪು. ಸೀರೆ ಉಟ್ಟು ಹೊಲಕ್ಕೆ ಬುತ್ತಿ ಹೊತ್ತ ಹೆಂಗಸು ಅವಳು. ಅವಳ ತೊಡೆ ಈಗ ನನ್ನ ಮುಂಗೈಯಷ್ಟಿತ್ತು.

ತುಟಿ ಒಡೆದಿತ್ತು. ನಾಲಗೆ ಚಾಚು ಅಂದೆ, ಒಣಗಿದ ಚರ್ಮದ ಹಾಗಿತ್ತು. ಚೊಂಬಿನ ನೀರು ಕೊಡಹೋದರೆ ತಲೆ ಆಡಿಸಿದಳು. ಯಾಕೆ ಅಂದರೆ ಮೊದಲು ಹೇಳಲಿಲ್ಲ. ನಾನು ಬಾಗಿಲು ಹಾಕಿ ಬಂದು ಮಂಚದ ಮೇಲೆ ಕೂತೆ. ಆಗ ಹೇಳಿದಳು.

'ನೀರು ಕುಡಿದ್ರೆ ಒದ್ದೆ ಆಗ್ತೈತಿ. ಒದ್ದೆ ಆದ್ರೆ ನನ್ನ ನೋಡ್ಕಳಾಕೆ ಇಟ್ಟಿರೋ ಆ ಹುಡುಗಿ ಗೊಣಗ್ತಾಳೆ. ದಿನಕ್ಕೆ ಎರಡೇ ಡೈಪರ್ ಕೊಟ್ಟಿರ್ತಾರಂತೆ. ಅದಕ್ಕೇ ನಾನು ಕುಡಿಯಂಗಿಲ್ಲ.' ಸ್ವಲ್ಪ ಹೊತ್ತು ಬಿಟ್ಟು, 'ನಿಮ್ಮಣ್ಣಗೆ ಹೇಳಬ್ಯಾಡ. ಪಾಪ, ಅಂಗಡಿಯಿಂದ ಸುಸ್ತಾಗಿ ಬಂದಿರ್ತಾನೆ.'

ನಾನು ಅವತ್ತು ಮಾಡಿದ ಮೊದಲ ಕೆಲಸವೇ ತಪ್ಪು. ಕೂಗಾಡಿದೆ. ಅತ್ತಿಗೆ ಮೇಲೆ, ಆ ಹುಡುಗಿ ಮೇಲೆ, ಫೋನ್ ಮಾಡಿ ಅಣ್ಣನ ಮೇಲೆ. ರೂಮಿನೊಳಗಿಂದ ದೊಡ್ಡವ್ವ 'ಯವ್ವಾ ಸುಮ್ನಿರೇ, ನನ್ನಿಂದ ಜಗಳ ಬ್ಯಾಡ' ಅಂತ ಅಳುತ್ತಿದ್ದಳು. ಇಂಥ ಹೊತ್ತಿನಲ್ಲಿ ಮೊದಲು ಬೇಕಾದದ್ದು ಡಾಕ್ಟರು. ಯಾರು ತಪ್ಪು ಮಾಡಿದರು ಅನ್ನುವುದು ಆಮೇಲಿನ ಮಾತು. ನಾವು ಜಗಳ ಮಾಡಿ ಎದ್ದು ಬರುತ್ತೇವೆ, ಹಾಸಿಗೆಯಲ್ಲಿರುವವರು ಅದೇ ಮನೆಯಲ್ಲಿ, ಅದೇ ಕೈಗಳ ಕೆಳಗೆ ರಾತ್ರಿ ಕಳೆಯಬೇಕು. ಇದು ನನಗೆ ಅರ್ಥವಾಗಲು ಅರ್ಧ ಗಂಟೆ ಬೇಕಾಯಿತು. ಆಮೇಲೆ ಆಂಬುಲೆನ್ಸ್ ಕರೆಸಿದೆವು.

ಅದಕ್ಕೂ ಎರಡು ವಾರ ಮುಂಚಿನಿಂದ ದೊಡ್ಡವ್ವ ಏನೇನೋ ಮಾತಾಡುತ್ತಿದ್ದಳಂತೆ. ಸತ್ತುಹೋದ ದೊಡ್ಡಪ್ಪನನ್ನು ಊಟಕ್ಕೆ ಕರೆಯುವುದು, ಹಗಲು ಹೊತ್ತಲ್ಲಿ ಲೈಟ್ ಹಾಕು ಅನ್ನುವುದು. 'ಅರವತ್ತಕ್ಕೆ ಅರಳು ಮರಳು ಅಂತಾರೆ, ಇವರಿಗೆ ಎಂಬತ್ತರ ಮೇಲೆ ಬಂತು' ಅಂತ ಮನೆಯಲ್ಲಿ ಎಲ್ಲರೂ ಬಿಟ್ಟುಬಿಟ್ಟಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ ಮೈಯಲ್ಲಿ ನೀರಿಲ್ಲ, ಮೇಲೆ ಮೂತ್ರದ ಸೋಂಕು. ಡ್ರಿಪ್ ಹಾಕಿ, ಸೋಂಕಿಗೆ ಔಷಧಿ ಕೊಟ್ಟರು. ಮೂರನೇ ದಿನ ಬೆಳಿಗ್ಗೆ ಕಣ್ಣು ಬಿಟ್ಟು, 'ದುಗ್ಗಮ್ಮನ ಜಾತ್ರೆಗೆ ನಿಮ್ಮ ಮನೆಗೆ ಯಾರ್ಯಾರು ಬಂದಿದ್ರು?' ಅಂತ ನಮ್ಮ ನೆಂಟರನ್ನೆಲ್ಲ ಹೆಸರು ಹಿಡಿದು ಕೇಳಿದಳು. ಅರಳೂ ಇಲ್ಲ, ಮರಳೂ ಇಲ್ಲ.

ಇದನ್ನು ಎಲ್ಲರೂ ತಿಳಿದಿರಬೇಕು ಅಂತ ನನಗೆ ಬಹಳ ಅನಿಸುತ್ತದೆ. ಮರೆವಿನ ಕಾಯಿಲೆ ಬರುವುದು ತಿಂಗಳು, ವರ್ಷ ತೆಗೆದುಕೊಂಡು. ನಾಲ್ಕೈದು ದಿನದಲ್ಲಿ ಮುದುಕರ ಮಾತು ದಿಕ್ಕು ತಪ್ಪಿದರೆ ಅದಕ್ಕೆ ಬೇರೆ ಕಾರಣ ಇರುತ್ತದೆ. ನೀರು ಸಾಲದೆ ಇರಬಹುದು, ಸೋಂಕು ಇರಬಹುದು, ಯಾವುದೋ ಮಾತ್ರೆ ಹೆಚ್ಚಾಗಿರಬಹುದು. ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆಯಾಗುತ್ತದೆ, ಹಾಗಾಗಿ ಕೇಳಿದಾಗ ಕೊಟ್ಟರಾಯಿತು ಅಂತ ಕೂತರೆ ಅವರು ಕೇಳುವುದೇ ಇಲ್ಲ. ಇನ್ನು ಕೆಲವು ಮನೆಗಳಲ್ಲಿ ರಾತ್ರಿ ಕಾಟ ಕೊಡಬಾರದು ಅಂತ ನಿದ್ದೆ ಮಾತ್ರೆ ಕೊಟ್ಟು ಮಲಗಿಸುತ್ತಾರೆ. ಸದಾ ತೂಕಡಿಸುತ್ತಿರುವ ಮುದುಕರನ್ನು ಕಂಡರೆ ಮಾತ್ರೆ ಡಬ್ಬಿ ನೋಡಿ. ಶೀಟಿನಲ್ಲಿ ಎಷ್ಟು ಉಳಿದಿದೆ, ಬಿಲ್ಲಿನ ತಾರೀಖು ಯಾವುದು, ಎರಡನ್ನೂ ತಾಳೆ ಹಾಕಿ. ನಮ್ಮ ದೊಡ್ಡವ್ವನ ಬಿ.ಪಿ. ಮಾತ್ರೆ ಫೆಬ್ರವರಿಯಲ್ಲಿ ತಂದದ್ದು, ಏಪ್ರಿಲ್‌ನಲ್ಲಿ ಇನ್ನೂ ಅರ್ಧ ಹಾಗೇ ಇತ್ತು.

ಹುಣ್ಣಿನ ಬಗ್ಗೆ ಆಸ್ಪತ್ರೆಯ ನರ್ಸ್ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿಕೊಟ್ಟರು. ಮಲಗಿದವರ ಮೂಳೆ ಮತ್ತು ಹಾಸಿಗೆಯ ನಡುವೆ ಚರ್ಮ ಸಿಕ್ಕಿಕೊಳ್ಳುತ್ತದೆ. ಅಲ್ಲಿಗೆ ರಕ್ತ ಹರಿಯುವುದಿಲ್ಲ. ಬೆನ್ನೆಲುಬಿನ ತುದಿ, ಸೊಂಟದ ಪಕ್ಕ, ಹಿಮ್ಮಡಿ, ಮೊದಲು ಕೆಡುವುದು ಇವೇ. ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಡಬೇಕು. ಬಿಳಿಚಿ ಮತ್ತೆ ಕೆಂಪಾದರೆ ಸರಿ. ಒತ್ತಿದರೂ ಬಿಳಿಚದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಅಂತ ಅರ್ಥ. ಕಪ್ಪು ಮೈಬಣ್ಣದಲ್ಲಿ ಕೆಂಪು ಕಾಣದೆ ಹೋಗಬಹುದು, ಅಲ್ಲಿ ಮುಟ್ಟಿದರೆ ಬಿಸಿ ಅಥವಾ ಗಟ್ಟಿ ಅನಿಸುತ್ತದೆ. ಆ ಜಾಗವನ್ನು ತಿಕ್ಕಬಾರದು, ಎಣ್ಣೆ ಹಾಕಿ ನೀವಲೂಬಾರದು. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು. ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಖಂಡದ ಕೆಳಗೆ ದಿಂಬು ಕೊಡಬೇಕು. ಹುಣ್ಣು ಮಾಯಬೇಕಾದರೆ ಬರೀ ಗಂಜಿ ಸಾಲದು, ಬೇಳೆ, ಹಾಲು, ಮೊಸರು ಹೊಟ್ಟೆಗೆ ಹೋಗಬೇಕು.

ಆ ನರ್ಸ್ ಇನ್ನೊಂದು ಮಾತೂ ಹೇಳಿದರು, ಅದು ನನ್ನ ಸಿಟ್ಟನ್ನು ಸ್ವಲ್ಪ ಇಳಿಸಿತು. ತುಂಬ ಕಾಯಿಲೆಯಾದವರಿಗೆ ಎಷ್ಟು ಚೆನ್ನಾಗಿ ನೋಡಿಕೊಂಡರೂ ಒಮ್ಮೊಮ್ಮೆ ಹುಣ್ಣಾಗುತ್ತದೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಸುಮ್ನೆ ಕೈ ಹಿಡಿದರೂ ಕಂದು ಕಲೆ ಬೀಳುತ್ತದೆ. ಒಂದು ಗುರುತು ನೋಡಿ ಯಾರನ್ನೂ ಕಟಕಟೆಗೆ ನಿಲ್ಲಿಸಬಾರದು. ಆದರೆ ಹುಣ್ಣು, ಬೆಳೆದ ಉಗುರು, ಒಣಗಿದ ನಾಲಗೆ, ಉಳಿದ ಮಾತ್ರೆ, ಆರು ತಿಂಗಳಿಂದ ಒಡೆದ ಕನ್ನಡಕ, ಇವೆಲ್ಲ ಒಂದೇ ಮಂಚದ ಸುತ್ತ ಸಿಕ್ಕರೆ ಕಣ್ಣು ಮುಚ್ಚಿಕೊಳ್ಳಬಾರದು. ದೊಡ್ಡವ್ವನ ಹಲ್ಲಿನ ಸೆಟ್ಟು ನನಗೆ ಸಿಕ್ಕಿದ್ದು ಬೀರುವಿನಲ್ಲಿ, ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿಟ್ಟಿದ್ದರು. ಹಾಕಿ ತೆಗೆಯುವುದು ರಗಳೆ ಅಂತ. ರೊಟ್ಟಿ, ಶೇಂಗಾ ಚಟ್ನಿ ಇಲ್ಲದೆ ಊಟವೇ ಅಲ್ಲ ಅನ್ನುತ್ತಿದ್ದವಳು ಐದು ತಿಂಗಳು ಗಂಜಿ ಕುಡಿದಿದ್ದಳು.

ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸಂಜೆ ಅತ್ತಿಗೆಯ ಜೊತೆ ಅಡುಗೆಮನೆಯಲ್ಲಿ ಕೂತೆ. ಅವರು ರೊಟ್ಟಿ ಬಡಿಯುತ್ತಿದ್ದರು. ನಾನು ಕ್ಷಮೆ ಕೇಳಿದೆ. ತುಂಬ ಹೊತ್ತು ಬಡಿಯುವ ಸದ್ದು ಬಿಟ್ಟು ಬೇರೇನಿಲ್ಲ. ಆಮೇಲೆ ತಿರುಗದೆಯೇ ಹೇಳಿದರು: 'ಮಾವನ್ನ ಎರಡು ವರ್ಷ ನೋಡ್ಕೊಂಡೆ. ಆಮೇಲೆ ಅತ್ತೆ ಬಿದ್ರು. ತವರಿಗೆ ಹೋಗಿ ಒಂದು ರಾತ್ರಿ ಮಲಗಿ ಎಷ್ಟು ದಿನ ಆತು ಗೊತ್ತಾ ನಿನಗೆ? ನನ್ನ ಬೆನ್ನಲ್ಲಿ ಡಿಸ್ಕು ಸರಿದೈತಿ. ಅವರನ್ನ ಹೊರಳಿಸೋಕೆ ಹೋದ್ರೆ ನಾನೇ ಎದ್ದೇಳಂಗಿಲ್ಲ. ಅದಕ್ಕೇ ಆ ಹುಡುಗಿನ ಇಟ್ಟಿದ್ದು. ಅವಳು ನೋಡ್ಕತಾಳೆ ಅಂತ ನಾನು ನಂಬಿದ್ದೆ. ಆಮೇಲಾಮೇಲೆ ರೂಮಿಗೆ ಹೋಗೋಕೇ ಭಯ ಆಗ್ತಿತ್ತು.'

ಭಯ ಅನ್ನುವ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಅವರಿಗೆ ಆ ವಾಸನೆ ಗೊತ್ತಿತ್ತು. ಹೊದಿಕೆ ಎತ್ತಿದರೆ ಏನು ಕಾಣುತ್ತದೋ ಅಂತ ಎತ್ತಲಿಲ್ಲ. ಊದುಬತ್ತಿ ಹಚ್ಚಿದರು. ಅಣ್ಣ ದಲ್ಲಾಳಿ ಅಂಗಡಿಗೆ ಬೆಳಿಗ್ಗೆ ಏಳಕ್ಕೆ ಹೋದರೆ ರಾತ್ರಿ ಒಂಬತ್ತು. ಖರ್ಚು ಲೆಕ್ಕ ಹಾಕಿ ದಿನಕ್ಕೆ ಎರಡು ಡೈಪರ್ ಅಂತ ಗೊತ್ತುಮಾಡಿದ್ದು ಅವನೇ. ಅವನ ಮಟ್ಟಿಗೆ ಅದು ತಿಂಗಳ ಸಾಮಾನಿನ ಪಟ್ಟಿಯಲ್ಲಿ ಒಂದು ಸಾಲು. ಆ ಹುಡುಗಿಗೋ ಇಪ್ಪತ್ತೆರಡು ವರ್ಷ. ಜಗಳೂರು ಕಡೆಯ ಹಳ್ಳಿಯಿಂದ ಬಂದವಳು. ತರಬೇತಿ ಆಗಿದೆ ಅಂತ ಏಜೆನ್ಸಿಯವರು ಹೇಳಿ ಕಳಿಸಿದ್ದರು. ಕೇಳಿದರೆ ಒಂದು ದಿನದ ತರಬೇತಿಯೂ ಆಗಿರಲಿಲ್ಲ. ಒಬ್ಬಳೇ ಆ ದೇಹವನ್ನು ಹೊರಳಿಸುವುದು ಹೇಗೆ ಅಂತ ಅವಳಿಗೆ ಯಾರೂ ತೋರಿಸಿರಲಿಲ್ಲ. ಇನ್ನು ನಾನು. ನನಗೆ ಬಿಡುವು ಇತ್ತು, ಬೆನ್ನು ನೆಟ್ಟಗಿತ್ತು, ಹೊದಿಕೆ ನನ್ನ ಕೈಯಲ್ಲೇ ಇತ್ತು. ಇಷ್ಟೂ ಜನ ದೊಡ್ಡವ್ವನನ್ನು ಪ್ರೀತಿಸುವವರೇ. ಅಷ್ಟಾದರೂ ಅವಳಿಗೆ ಹುಣ್ಣಾಯಿತು.

60 ದಾಟಿದವರಲ್ಲಿ ಪ್ರತಿ 6 ಜನರಿಗೆ ಒಬ್ಬರು ಒಂದು ವರ್ಷದಲ್ಲಿ ಯಾವುದಾದರೊಂದು ಬಗೆಯ ದೌರ್ಜನ್ಯ ಅನುಭವಿಸಿರುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿರ್ಲಕ್ಷ್ಯವೂ ಅದರಲ್ಲಿ ಸೇರಿದೆ. ದೊಡ್ಡವ್ವನನ್ನು ಯಾರಾದರೂ ಬಂದು ಕೇಳಿದ್ದರೆ 'ಚೆನ್ನಾಗಿ ನೋಡ್ಕತಾರೆ' ಅಂತಲೇ ಬರೆಸುತ್ತಿದ್ದಳು. ಮನೆ ಮರ್ಯಾದೆ ಅವಳ ಕೈಯಲ್ಲಿದೆ ಅಂತ ನಂಬಿದವಳು.

ಅದಕ್ಕೇ ನಾನೀಗ ಯಾವ ಹಿರಿಯರನ್ನು ನೋಡಲು ಹೋದರೂ 'ಚೆನ್ನಾಗಿದ್ದೀರಾ' ಅಂತ ಕೇಳುವುದಿಲ್ಲ. ಸ್ವಲ್ಪ ಹೊತ್ತು ಅವರೊಬ್ಬರೇ ಇರುವ ಹಾಗೆ ಮಾಡಿಕೊಂಡು ಬೇರೆ ಕೇಳುತ್ತೇನೆ. ನಿನ್ನೆ ರಾತ್ರಿ ಬಾಯಾರಿದಾಗ ಏನು ಮಾಡಿದ್ರಿ? ತಲೆ ಎರ್ಕೊಂಡಿದ್ದು ಯಾವಾಗ? ಬೆಳಿಗ್ಗೆ ಏನು ತಿಂದ್ರಿ, ಯಾರು ತಂದುಕೊಟ್ರು? ಪಿಂಚಣಿ ದುಡ್ಡು ಯಾರು ತರ್ತಾರೆ? ಇವಕ್ಕೆ 'ಚೆನ್ನಾಗಿದೆ' ಅಂತ ಉತ್ತರ ಕೊಡಲು ಬರುವುದಿಲ್ಲ. ಮಾತಾಡುತ್ತ ಕಾಲು ಒತ್ತಿಕೊಡುತ್ತೇನೆ. ಒತ್ತಿದರೆ ಯಾರಿಗೂ ಬೇಜಾರಿಲ್ಲ, ಹಿಮ್ಮಡಿಯೂ ಕಾಣುತ್ತದೆ, ಉಗುರೂ ಕಾಣುತ್ತದೆ. ಯಾರಾದರೂ ಮನೆಯವರು ರೂಮಿನಿಂದ ಕದಲದೆ ಎಲ್ಲ ಪ್ರಶ್ನೆಗೂ ತಾವೇ ಉತ್ತರ ಹೇಳುತ್ತಿದ್ದರೆ, ಮತ್ತೆ ಬೇರೆ ಹೊತ್ತಿನಲ್ಲಿ ಹೇಳದೆ ಹೋಗುತ್ತೇನೆ.

ನಮ್ಮ ಮನೆಯಲ್ಲಿ ಪ್ರೀತಿ ಇತ್ತು, ಕೈ ಸಾಲದಾಗಿತ್ತು. ಕೈ ಸೇರಿಸಿದೆವು. ಹುಬ್ಬಳ್ಳಿ, ಬೆಂಗಳೂರಿನ ಹೆಣ್ಣುಮಕ್ಕಳು ತಿಂಗಳ ಖರ್ಚಿನಲ್ಲಿ ಪಾಲು ಹಾಕಿದರು, ಸರದಿಯ ಮೇಲೆ ಬಂದು ನಾಲ್ಕು ದಿನ ಇರತೊಡಗಿದರು. ಗಾಳಿ ಹಾಸಿಗೆ ಬಂತು. ಡೈಪರ್ ಎಣಿಸುವುದು ನಿಂತಿತು. ಆ ಹುಡುಗಿಯನ್ನು ಬಿಡಿಸಲಿಲ್ಲ. ಬಿಡಿಸಬೇಕು ಅಂತ ಅಣ್ಣ ಹಟ ಹಿಡಿದಿದ್ದ. ಆಸ್ಪತ್ರೆಯ ನರ್ಸ್ ಅವಳಿಗೆ ಹೊರಳಿಸುವುದನ್ನು, ಒರೆಸುವುದನ್ನು ಕಲಿಸಿದರು, ಅವಳು ಎರಡೇ ದಿನದಲ್ಲಿ ಕಲಿತಳು. ಗೋಡೆಯ ಮೊಳೆಗೆ ಒಂದು ನೋಟ್‌ಬುಕ್ ನೇತುಹಾಕಿದೆವು. ಗಂಟೆ, ಎಡ ಮಗ್ಗಲೋ ಬಲವೋ, ಎಷ್ಟು ಲೋಟ ನೀರು. ಯಾರು ಮಾಡಿದರೂ ಅವರೇ ಬರೆಯಬೇಕು. ಅಣ್ಣನೂ ಬರೆಯುತ್ತಾನೆ. ರಾತ್ರಿ ಹತ್ತು ಮತ್ತು ಹನ್ನೆರಡರ ಸರದಿ ಅವನದು.

ಎಲ್ಲ ಮನೆಯಲ್ಲೂ ಹೀಗೆ ಮಾತಾಡಿ ಸರಿಮಾಡಲು ಆಗುವುದಿಲ್ಲ. ನಮ್ಮ ಬೀದಿಯಲ್ಲೇ ಒಬ್ಬ ತಾತ ಇದ್ದಾರೆ. ನಮ್ಮೂರಲ್ಲಿ ಕಾಟನ್ ಮಿಲ್ಲುಗಳು ನಡೆಯುತ್ತಿದ್ದ ಕಾಲದಲ್ಲಿ ಮಿಲ್ಲಿನಲ್ಲಿ ದುಡಿದವರು. ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಕೊಟ್ಟರು. ಎರಡು ವರ್ಷಕ್ಕೆ ಹಿತ್ತಲಿನ ತಗಡಿನ ಶೀಟಿನ ಕೋಣೆಗೆ ಅವರ ಚಾಪೆ ಹೋಯಿತು. ದಿನಕ್ಕೊಮ್ಮೆ ಊಟ. ಎ.ಟಿ.ಎಂ. ಕಾರ್ಡು ಮಗನ ಜೇಬಿನಲ್ಲಿ. ಬೀದಿಗೆಲ್ಲ ಗೊತ್ತಿತ್ತು. 'ಅವರ ಮನೆ ವಿಷಯ ನಮಗ್ಯಾಕೆ' ಅಂತ ಎಲ್ಲರೂ ಸುಮ್ಮನಿದ್ದೆವು. ದೊಡ್ಡವ್ವನ ಹುಣ್ಣು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ.

ಮೊದಲು 14567ಕ್ಕೆ ಫೋನ್ ಮಾಡಿದೆ. ಹಿರಿಯರಿಗಾಗಿಯೇ ಇರುವ ದೇಶದ ಸಹಾಯವಾಣಿ ಅದು. ನಮ್ಮ ರಾಜ್ಯದ್ದು 1090 ಇದೆ. ಹೊಡೆತ, ಕೂಡಿಹಾಕುವುದು, ಜೀವಕ್ಕೆ ಅಪಾಯ ಅನ್ನುವ ಹಾಗಿದ್ದರೆ ಕಾಯದೆ 112. ಸಹಾಯವಾಣಿಯವರು ತಿಳಿಸಿದ ದಾರಿ 2007ರ ಕಾಯ್ದೆಯದು, ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ ಮಾಡಿದ್ದು. ಅರ್ಜಿಯನ್ನು ಎ.ಸಿ. ಸಾಹೇಬರ ಕಚೇರಿಯಲ್ಲಿ ಕೊಡಬೇಕು, ಉಪವಿಭಾಗಾಧಿಕಾರಿಯೇ ಅಲ್ಲಿನ ನ್ಯಾಯಮಂಡಳಿಯ ಮುಖ್ಯಸ್ಥರು. ವಕೀಲರನ್ನು ಹಿಡಿಯಬೇಕಿಲ್ಲ. ಹಿರಿಯರಿಗೆ ಸ್ವತಃ ಓಡಾಡಲು ಆಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಬೇರೆಯವರು ಅರ್ಜಿ ಹಾಕಬಹುದು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಹಿರಿಯರನ್ನು ನೋಡಿಕೊಳ್ಳಬೇಕಾದವರು ಅವರನ್ನು ಎಲ್ಲಾದರೂ ಬಿಟ್ಟುಬಂದರೆ 3 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು.

ದಾನಪತ್ರದ ವಿಷಯ ಮಾತ್ರ ಸ್ವಲ್ಪ ತೊಡಕು. 'ನನ್ನನ್ನು ನೋಡಿಕೊಳ್ಳಬೇಕು' ಅನ್ನುವ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಅವರು ನೋಡಿಕೊಳ್ಳದಿದ್ದರೆ ಆ ದಾನವನ್ನು ರದ್ದು ಮಾಡಿಸಲು ಕಾಯ್ದೆಯ 23ನೇ ಕಲಂ ಇದೆ. ಷರತ್ತು ಇತ್ತು ಅನ್ನುವುದು ಸಾಬೀತಾಗಬೇಕು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥ ಮಾಡಬೇಕು ಅಂದಿತು. ತಾತನ ಪತ್ರದಲ್ಲಿ ಅಂಥ ಒಂದು ಸಾಲೂ ಇರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೊರಟಿರುವ ಅಪ್ಪ ಅಮ್ಮಂದಿರೇ, ಮಗ ಬಂಗಾರದಂಥವನಾದರೂ ಆ ಸಾಲನ್ನು ಬರೆಸಿ. ಬಂಗಾರದಂಥ ಮಗನಿಗೆ ಅದರಿಂದ ಏನೂ ನಷ್ಟವಿಲ್ಲ.

ಕಾನೂನಿಗಿಂತ ಕಷ್ಟವಾದದ್ದು ತಾತನನ್ನು ಒಪ್ಪಿಸುವುದು. 'ಮಗನ ಮ್ಯಾಲೆ ಕೇಸ್ ಹಾಕ್ದ ಅಂತ ಜನ ಉಗಿಯಲ್ವೇನವ್ವ' ಅಂದರು. ಎರಡು ತಿಂಗಳು ನಾನು ಆ ಮಾತನ್ನೇ ಎತ್ತದೆ ಬರೀ ಊಟದ ಡಬ್ಬಿ ಕೊಟ್ಟು ಬಂದೆ. ಆಮೇಲೊಂದು ದಿನ ಮಳೆ ಬಂದು ಕೋಣೆ ಸೋರಿತು. ಮರುದಿನ ಬೆಳಿಗ್ಗೆ ತಾವೇ ಬಂದು ನಮ್ಮ ಗೇಟಿನಲ್ಲಿ ನಿಂತು, 'ಆ ಅರ್ಜಿ ಬರಿಯವ್ವ' ಅಂದರು. ಅವರಾಗಿ ಬಂದದ್ದೇ ಒಳ್ಳೆಯದಾಯಿತು. ಅವರ ಬದುಕಿನ ತೀರ್ಮಾನವನ್ನು ನಾನು ಮಾಡಿದ್ದರೆ ಮಗ ಮಾಡಿದ್ದಕ್ಕೂ ನಾನು ಮಾಡಿದ್ದಕ್ಕೂ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ. ನೋಟಿಸ್ ಬಂದ ಮೇಲೆ ಮಗ ರಾಜಿಗೆ ಬಂದ. ಈಗ ತಾತ ಮುಂದಿನ ಕೋಣೆಯಲ್ಲಿದ್ದಾರೆ, ಕಾರ್ಡು ಅವರ ಹತ್ತಿರವೇ ಇದೆ. ಮಗ ಮಾತಾಡುವುದಿಲ್ಲ. ಅದು ಅವರಿಗೆ ದೊಡ್ಡ ನೋವು, ಅದನ್ನು ಯಾವ ಕಚೇರಿಯಲ್ಲೂ ಸರಿಮಾಡಲು ಬರುವುದಿಲ್ಲ.

ದೊಡ್ಡವ್ವನ ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ಕಲೆ ಉಳಿದಿದೆ. ಚೊಂಬು ಈಗ ಮಂಚದ ಬಲಕ್ಕೆ, ಕೈ ಚಾಚಿದರೆ ಸಿಗುವ ಸ್ಟೂಲಿನ ಮೇಲಿದೆ. ಲೋಟ ಎತ್ತಲು ಕೈ ನಡುಗುತ್ತದೆ ಅಂತ ಹುಡುಗಿ ಜ್ಯೂಸ್ ಕುಡಿಯುವ ಕೊಳವೆ ತಂದಿಟ್ಟಿದ್ದಾಳೆ.

ನಾಳೆ ಭಾನುವಾರ. ಭಾನುವಾರದ ಸರದಿ ನನ್ನದು. ಅತ್ತಿಗೆ ಹರಿಹರಕ್ಕೆ ಅವರ ಅಕ್ಕನ ಮನೆಗೆ ಹೋಗುತ್ತಾರೆ, ಸೋಮವಾರ ಬೆಳಿಗ್ಗೆ ಬರುತ್ತಾರೆ. ಎಂಟಕ್ಕೆ ಎಡ ಮಗ್ಗಲು ಆಗಿರುತ್ತದೆ, ಹತ್ತಕ್ಕೆ ನಾನು ಬಲಕ್ಕೆ ಹೊರಳಿಸಬೇಕು. ದೊಡ್ಡವ್ವ ಸಂಜೆ ಫೋನ್ ಮಾಡಿಸಿದ್ದಳು. ಬರುವಾಗ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಾ, ಹಲ್ಲಿನ ಸೆಟ್ಟು ಹಾಕ್ಕೊಂಡು ಕುಂತಿರ್ತೀನಿ ಅಂದಿದ್ದಾಳೆ.